ಎಂಟನೆಯ ಸಂದು

ಸೆಲೈನಾ, ಓಹಾಯೋ
ಭಾನುವಾರ, 11 ಅಕ್ಟೋಬರ್ 2009

ಪ್ರೀತಿಯ ತಮ್ಮ ನಾರ್ಬರ್ಟ್,

ಹೇಗಿದ್ದೀಯ? ಹೋದ ಭಾನುವಾರ ಬಂದಾಗ ನಿನ್ನ ಬಾಯಿಯ ಓರೆ ಸ್ವಲ್ಪ ಇಳಿದ ಹಾಗೆ ಕಂಡಿತು. ಗಡ್ಡವನ್ನು ಮಾತ್ರ ಎಡಗೆನ್ನೆಯಲ್ಲಿ ನೀಟಾಗಿ ಬೋಳಿಸಿ ಬಲಗೆನ್ನೆಯನ್ನು ಹಾಗೇ ಬಿಟ್ಟಿದ್ದರು, ಅರ್ಧ ಕೊಯ್ದು ಬಿಟ್ಟ ಜೋಳದ ಹೊಲ ನೋಡಿದ ಹಾಗಾಯಿತು. ನಿದ್ದೆ ಬರುತ್ತದೆಯೆ? ಕಾಲಿಗೆ ಉಣ್ಣೆಯ ಚೀಲ ಹಾಕುತ್ತಾರೆಯೆ? ನಾನು ಹೆಣೆದು ಕೊಟ್ಟ ಎರಡು ಜೊತೆಯಲ್ಲಿ ಒಂದು ಪಕ್ಕದ ಹಾಸಿಗೆಯವರ ಕಾಲಿನಲ್ಲಿತ್ತು. ನೀನು ಕೊಟ್ಟಿರಲಾರೆ, ಕೊಡುವ ಅಭ್ಯಾಸ ನಿನಗೆ ಯಾವತ್ತೂ ಇರಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು, ನಿನಗೆ ಎಲ್ಲವೂ ಅರ್ಥವಾಗುತ್ತದೆ, ಹೇಳುವುದಕ್ಕೆ ಮಾತ್ರ ಆಗುವುದಿಲ್ಲ ಎಂದು ಬಹಳ ಮರುಕದಿಂದ ವಿವರಿಸಿದರು. ನನಗೆ ನಗು ತಡೆದುಕೊಳ್ಳುವುದೇ ಕಷ್ಟವಾಯಿತು. ನಮ್ಮ ಕೂಟ ನಡೆಯುವ ಕ್ಲೆಟಸ್‌ನ ಕೊಟ್ಟಿಗೆಯಲ್ಲಿ ನಾನು ಎಂಟು ವರ್ಷ ಹಾಗೆಯೇ ಕುಳಿತಿದ್ದೆ, ಆಗ ಯಾರೂ ಡಾಕ್ಟರನ್ನು ಕರೆಯಲಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಸೋಯಾ ಕೊಯ್ಲು ಮುಗಿಯಿತು, ಜೋಳ ಇನ್ನೂ ಹಸಿಯಾಗಿದೆ ಎಂದು ಗೊಣಗುತ್ತಿದ್ದಾರೆ. ನಿನ್ನ ಮನೆಯ ನೆಲಮಾಳಿಗೆಗೆ ನೀರು ಬಂದಿಲ್ಲ, ಚಿಂತೆ ಬೇಡ. ನಿನ್ನ ಬೆಕ್ಕು ನನ್ನ ಮನೆಗೆ ಬಂದು ಸೇರಿಕೊಂಡಿದೆ, ವಾಪಸು ಹೋಗುವ ಲಕ್ಷಣ ಕಾಣುವುದಿಲ್ಲ. ಇನ್ನು ನಿನ್ನೆಯ ಸುದ್ದಿ. ನಿನ್ನೆ ಮಧ್ಯಾಹ್ನ ಕ್ಲೆಟಸ್‌ನ ಕೊಟ್ಟಿಗೆಯಲ್ಲಿ, ಕಾಯಿಲು ಕಟ್ಟುವವರ ವರ್ಷದ ಕೂಟದಲ್ಲಿ, ಹದಿನೆಂಟು ಜನರ ಎದುರಿಗೆ ನಿನ್ನ ಟೆಸ್ಲಾ ಕಾಯಿಲಿನ ಕೊನೆಯ ಓಟ ಆಯಿತು. ಓಡಿಸಿದವಳು ನಾನು. ಅದು ಈಗ ಇಲ್ಲ, ನಾರ್ಬ್. ಹೇಗೆ ಹೋಯಿತು ಎಂಬುದನ್ನು ಒಂದೂ ಬಿಡದೆ ಬರೆಯುತ್ತೇನೆ, ನಿನ್ನದೇ ವಸ್ತು, ನಿನಗೆ ಗೊತ್ತಾಗಬೇಕಾದದ್ದು ನ್ಯಾಯ.

ಮಾರ್ವೆಟ್, ಇವನ ಶುಶ್ರೂಷೆ ಮಾಡುತ್ತ ಇದನ್ನು ಇವನಿಗೆ ಓದಿ ಹೇಳುತ್ತಿರುವ ನರ್ಸ್ ಮಗಳೇ, ಇಲ್ಲಿ ನಿಲ್ಲಿಸಬೇಡ. ಇವನ ಮುಖ ಹೇಗಾದರೂ ಆಗಲಿ, ಪೂರ್ತಿ ಓದು. ನಿನಗೂ ತಿಳಿಯಲಿ ಎಂದು ಎರಡು ಮಾತು ಹೇಳುತ್ತೇನೆ, ನಿನ್ನ ರೋಗಿಗೆ ಇದೆಲ್ಲ ಬಾಯಿಪಾಠ. ಟೆಸ್ಲಾ ಕಾಯಿಲನ್ನು ನೀನು ಶಾಲೆಯ ವಸ್ತುಪ್ರದರ್ಶನದಲ್ಲಿ ನೋಡಿರಬಹುದು. ಎದೆಯೆತ್ತರದ ಕೊಳವೆಗೆ ಸಣ್ಣ ತಂತಿಯನ್ನು ಒತ್ತಾಗಿ ಸುತ್ತಿ, ತಲೆಯ ಮೇಲೆ ಅಲ್ಯೂಮಿನಿಯಮ್ಮಿನ ದಪ್ಪ ಬಳೆಯೊಂದನ್ನು ಕೂರಿಸಿರುತ್ತಾರೆ, ಅದರಿಂದ ಗಾಳಿಗೆ ಮಿಂಚು ಹೊರಡುತ್ತದೆ. ಜನ ಬಾಯಿ ಬಿಟ್ಟುಕೊಂಡು ಆ ಮಿಂಚನ್ನೇ ನೋಡುತ್ತಾರೆ. ಕೆಲಸ ನಡೆಯುವುದು ಕೆಳಗೆ, ಮೇಜಿನಡಿಯಲ್ಲಿ. ಹಳೆಯ ನಿಯಾನ್ ಬೋರ್ಡುಗಳಿಂದ ಬಿಚ್ಚಿದ ಟ್ರಾನ್ಸ್‌ಫಾರ್ಮರು ಕೆಪಾಸಿಟರನ್ನು ತುಂಬುತ್ತದೆ. ತುಂಬಿದ್ದು ಲೋಹದ ತುಂಡುಗಳ ನಡುವಿನ ಒಂದು ಸಂದನ್ನು ಕಿಡಿಯಾಗಿ ಹಾರಿ ಕಾಯಿಲಿಗೆ ನುಗ್ಗುತ್ತದೆ, ಸೆಕೆಂಡಿಗೆ ನೂರಾರು ಸಲ. ಸಂದು ಕಿರಿದಾದರೆ ಅರ್ಧ ತುಂಬಿದಾಗಲೇ ಹಾರಿಬಿಡುತ್ತದೆ, ಮಿಂಚು ಕುಳ್ಳಾಗುತ್ತದೆ. ಅಗಲ ಮಾಡಿದರೆ ಹೆಚ್ಚು ತುಂಬಿಕೊಂಡು ಹಾರುತ್ತದೆ, ಮಿಂಚು ಉದ್ದವಾಗುತ್ತದೆ. ಇನ್ನೂ ಅಗಲ ಮಾಡಿದರೆ ಹಾರುವುದಕ್ಕೇ ಆಗದೆ, ಆ ಒತ್ತಡವೆಲ್ಲ ಟ್ರಾನ್ಸ್‌ಫಾರ್ಮರಿನ ಹೊಟ್ಟೆಯನ್ನೇ ಸೀಳಿಕೊಂಡು ದಾರಿ ಹುಡುಕುತ್ತದೆ. ಆದ್ದರಿಂದ ಕಾಯಿಲು ಕಟ್ಟುವುದು ದೊಡ್ಡದಲ್ಲ, ಸಂದು ಕೂರಿಸುವುದು ದೊಡ್ಡದು. ಇದನ್ನು ನಿನ್ನ ರೋಗಿ ಒಪ್ಪುವುದಿಲ್ಲ, ಆದರೆ ಈಗ ಅವನು ವಾದ ಮಾಡುವ ಹಾಗಿಲ್ಲ.

ನಾರ್ಬ್‌ನ ಸಂದು ಒಂದಲ್ಲ, ಸಾಲು. ಬೆರಳುದ್ದದ ಒಂಬತ್ತು ತಾಮ್ರದ ಕೊಳವೆ ತುಂಡುಗಳು ಪ್ಲಾಸ್ಟಿಕ್ ಪೈಪಿನೊಳಗೆ ಪಕ್ಕಪಕ್ಕದಲ್ಲಿ ನಿಂತಿದ್ದವು, ನಡುವೆ ಎಂಟು ಸಂದು, ಕಿಡಿ ಆರಲೆಂದು ಹಿಂದಿನಿಂದ ಒಂದು ಫ್ಯಾನು. ಆರು ಸಂದುಗಳನ್ನು ಬಳಸುವುದು, ಕೊನೆಯ ಎರಡು ಸುಮ್ಮನೆ ಇರುತ್ತಿದ್ದವು. ತಂತಿಯ ಕ್ಲಿಪ್ಪನ್ನು ಮುಂದಿನ ಕೊಳವೆಗೆ ಕಚ್ಚಿಸಿದರೆ ಇನ್ನೊಂದು ಸಂದು ಸೇರಿಕೊಳ್ಳುತ್ತದೆ. ಒಂದೊಂದು ಸಂದೂ ಅಂಗುಲದ ಸಾವಿರ ಪಾಲಿನಲ್ಲಿ ಇಪ್ಪತ್ತೆಂಟು ಪಾಲು, ಹೆಚ್ಚಿಲ್ಲ ಕಡಿಮೆಯಿಲ್ಲ. ಅದನ್ನು ಕೂರಿಸುತ್ತಿದ್ದವಳು ನಾನು. ಟ್ರ್ಯಾಕ್ಟರ್ ರಿಪೇರಿ ಅಂಗಡಿಯ ಹಿಂದಿನ ಬೆಂಚಿನಲ್ಲಿ ಮೂವತ್ತೊಂದು ವರ್ಷ ಕುಳಿತು ಇಂಜಿನಿಗೆ ಕಿಡಿ ಕೊಡುವ ಮ್ಯಾಗ್ನೆಟೊಗಳ ಪಾಯಿಂಟು ಸರಿಮಾಡಿದವಳು, ಸಂದು ಅಳೆಯುವ ಫೀಲರ್ ಗೇಜಿನ ತೆಳು ಪಟ್ಟಿ ನನ್ನ ಬೆರಳಿನ ಸಂಗಡ ಮಾತಾಡುತ್ತದೆ. ಪಟ್ಟಿ ಸಂದಿನೊಳಗೆ ಹೋಗಬೇಕು, ಆದರೆ ಹೋಗಲು ಮನಸ್ಸಿಲ್ಲದ ಹಾಗೆ ಹೋಗಬೇಕು. ಇದನ್ನು ನಿನಗೆ ಕಲಿಸಲು ನಾನು ಮೂರು ಚಳಿಗಾಲ ಹೆಣಗಿದೆ. ನಿನ್ನ ಕೈಗೆ ಅದು ಬರಲೇ ಇಲ್ಲ, ನಾರ್ಬ್. ನೀನು ಸ್ಕ್ರೂ ತಿರುಗಿಸುವುದು ಜಾಡಿಯ ಮುಚ್ಚಳ ತಿರುಗಿಸಿದ ಹಾಗೆ.

ತೊಂಬತ್ತನಾಲ್ಕನೆಯ ಇಸವಿ ನೆನಪಿದೆಯೆ? ಬೆಳಗ್ಗೆಯೆಲ್ಲ ನೀನೇ ಸಂದು ಕೂರಿಸಿ, ನಾಲ್ಕೂವರೆ ಅಡಿಯ ಮೇಲೆ ಹೋಗದೆ, ಕೊಟ್ಟಿಗೆಯ ಹಿಂದೆ ಹೋಗಿ ಬಕೆಟ್ಟನ್ನು ಒದ್ದೆ. ಕೊಟ್ಟಿಗೆಯಲ್ಲಿ ಬೇರೆ ಯಾರೂ ಇಲ್ಲದಾಗ ನಾನು ಏಪ್ರನ್ನಿನ ಜೇಬಿನಿಂದ ಗೇಜು ತೆಗೆದು ಮುಕ್ಕಾಲು ಗಂಟೆ ಮಂಡಿಯೂರಿ ಆರೂ ಸಂದುಗಳನ್ನು ಮತ್ತೆ ಕೂರಿಸಿದೆ. ನೀನು ಬಂದು ಕರೆಂಟು ಏರಿಸುವ ಗುಬುಟು ತಿರುಗಿಸಿದೆ. ಐದು ಅಡಿ ಹನ್ನೊಂದು ಅಂಗುಲ, ಉದ್ದ ಅಳೆಯಲು ನೆಲಕ್ಕೆ ತಂತಿ ಬಿಟ್ಟು ಎದುರಿಗೆ ನಿಲ್ಲಿಸುವ ಕಂಬಿಗೆ ಮೂರು ಸಲ ಬಡಿಯಿತು. ಅಂಥ ಎರಡು ಟ್ರಾನ್ಸ್‌ಫಾರ್ಮರಿನಿಂದ ಆ ಕೊಟ್ಟಿಗೆಯಲ್ಲಿ ಅಷ್ಟುದ್ದದ ಮಿಂಚನ್ನು ಯಾರೂ ನೋಡಿರಲಿಲ್ಲ. ಕ್ಲೆಟಸ್ ಗೋಡೆಯ ಹಲಗೆಯ ಮೇಲೆ ನಿನ್ನ ಹೆಸರು ಬರೆದ, ಗುಬುಟು ತಿರುಗಿಸಿದವನ ಹೆಸರು ಬರೆಯುವುದೇ ನಿಯಮ. ಇಂಡಿಯಾನಾದಿಂದ ಬಂದಿದ್ದ ಒಬ್ಬ ಮಾತ್ರ ಬುದ್ಧಿವಂತ, ಸರಿಯಾದ ಪ್ರಶ್ನೆ ಕೇಳಿದ: "ಗ್ಯಾಪ್ ಕೂರಿಸಿದ್ದು ಯಾರು?" ನೀನು ನನ್ನ ಕಡೆ ನೋಡಿದೆ. ನಾನು ನಿನ್ನ ಕಡೆ ನೋಡಿದೆ. ನೀನು ಹೇಳಿದೆ: "ಇನ್ಯಾರು, ನಾನೇ. ಅಕ್ಕ ಸ್ಯಾಂಡ್‌ವಿಚ್ ತಂದಿದ್ದಾಳೆ, ತಗೊಳ್ಳಿ." ಎಲ್ಲರೂ ತಗೊಂಡರು. ಹ್ಯಾಮ್ ಚೆನ್ನಾಗಿತ್ತು ಎಂದೂ ಹೇಳಿದರು.

ಅದನ್ನು ನುಂಗಿಕೊಂಡೆ. ತಮ್ಮನ ಹೆಸರಾದರೆ ಏನು, ಮನೆಯ ಹೆಸರೇ ತಾನೆ ಎಂದು ಅಂದುಕೊಂಡೆ, ಆಗ ನಾನು ಒಳ್ಳೆಯವಳಾಗಿದ್ದೆ. ನುಂಗಲಾಗದ್ದು ಎರಡು ಸಾವಿರದ ಒಂದರದ್ದು. ನಾನು ಆರು ಸಂದು ಕೂರಿಸಿ ಕೈತೊಳೆಯಲು ಹೋಗಿದ್ದೆ. ಹಿಂತಿರುಗಿ ಬರುವಷ್ಟರಲ್ಲಿ ನೀನು ನಿನ್ನ ಬುದ್ಧಿ ತೋರಿಸಿದ್ದೆ. ಕಿಡಿಯಿಂದ ಕಪ್ಪಾದ ತಾಮ್ರವನ್ನು ಮರಳುಕಾಗದದಿಂದ ತಿಕ್ಕಿ ಹೊಳೆಯಿಸಿದ್ದೆ. ತಿಕ್ಕಿದಷ್ಟೂ ತಾಮ್ರ ಸವೆಯುತ್ತದೆ, ಸವೆದಷ್ಟೂ ಸಂದು ಅಗಲವಾಗುತ್ತದೆ, ಆರು ಸಂದಿನದ್ದೂ ಕೂಡಿದರೆ ಟ್ರಾನ್ಸ್‌ಫಾರ್ಮರಿಗೆ ಯಮನಾಗುತ್ತದೆ. ತಿಕ್ಕಿದ ಮೇಲೆ ಮತ್ತೆ ಗೇಜು ಹಾಕಬೇಕು ಎಂಬುದು ನಮ್ಮವರಲ್ಲಿ ನಿನ್ನೆ ಮೊನ್ನೆ ಸೇರಿದವನಿಗೂ ಗೊತ್ತು. ನೀನು ಹಾಕಲಿಲ್ಲ. ಎರಡು ನಿಮಿಷದಲ್ಲಿ ಟ್ರಾನ್ಸ್‌ಫಾರ್ಮರಿನೊಳಗೆ ತುಂಬಿರುವ ಟಾರಿನ ಹೊಗೆ ಎದ್ದಿತು. ಎಲ್ಲರೂ ಸುತ್ತ ನಿಂತಿರುವಾಗ ನೀನು ತಲೆ ಆಡಿಸಿ, ಬಹಳ ದುಃಖದಿಂದ, ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ: "ಅಕ್ಕನ ಮೇಲೆ ಕೋಪ ಮಾಡ್ಕೋಬೇಡ್ರಪ್ಪ. ಈಗೀಗ ಅವಳ ಕೈ ನಡುಗುತ್ತೆ. ನಾನೇ ಕೊಡಬಾರದಿತ್ತು."

ಅದುವರೆಗೆ ನಾನು ಸಂದು ಕೂರಿಸುತ್ತೇನೆಂದು ಅವರಿಗೆ ನೀನು ಹೇಳಿರಲಿಲ್ಲ. ಒಳ್ಳೆಯದಾದಾಗ ಹೇಳಲಿಲ್ಲ, ಕೆಟ್ಟಾಗ ಹೇಳಿದೆ. ನನ್ನ ಹೆಸರು ಆ ಕೊಟ್ಟಿಗೆಯಲ್ಲಿ ಮೊದಲ ಸಲ ಕೇಳಿಬಂದದ್ದು ಹಾಗೆ. ನಾನು ನಿನ್ನ ಬಾಯಿ ಮುಚ್ಚಿಸಬಹುದಿತ್ತು, ಮರಳುಕಾಗದ ನಿನ್ನ ಪ್ಯಾಂಟಿನ ಜೇಬಿನಲ್ಲೇ ಇತ್ತು. ಆದರೆ ನೀನು ಹೆಂಡತಿಯನ್ನು ಮಣ್ಣು ಮಾಡಿ ಆರು ತಿಂಗಳಾಗಿತ್ತು, ನಿನ್ನ ಮುಖ ನೋಡಿ ಸುಮ್ಮನಾದೆ. ಅಲ್ಲಿಂದ ಎಂಟು ವರ್ಷ ಯಾರೂ ನನಗೆ ಒಂದು ಸ್ಕ್ರೂ ಮುಟ್ಟಲು ಬಿಡಲಿಲ್ಲ. ಗೇಜು ಹಿಡಿದು ಹತ್ತಿರ ಹೋದರೆ ಆಮೇಲೆ ಕೂಟಕ್ಕೆ ಸೇರಿದ ಡ್ವೇನ್‌ನಂಥ ಹುಡುಗರು "ಆಂಟಿ, ನೀವು ಕೂತ್ಕೊಳ್ಳಿ, ಕರೆಂಟಿದೆ" ಎಂದು ಕುರ್ಚಿ ಎಳೆದು ಕೊಡುತ್ತಿದ್ದರು. ಎಂಟು ವರ್ಷ ನಾನು ಕುಂಬಳಕಾಯಿ ಪೈ ಬೇಯಿಸಿ ತಂದು ಅವರಿಗೆ ಹೆಚ್ಚಿಕೊಟ್ಟೆ. ನಡುಗುವ ಕೈಯಿಂದ ಎಷ್ಟು ಸಮನಾಗಿ ಹೆಚ್ಚುತ್ತಾಳೆ ಎಂದು ಒಬ್ಬನಿಗೂ ಹೊಳೆಯಲಿಲ್ಲ.

ಇನ್ನು ನಮ್ಮ ಕೂಟದ ಪದ್ಧತಿ, ಮಾರ್ವೆಟ್, ಇದೂ ನಿನಗೆ ಗೊತ್ತಿರಲಿ. ನಮ್ಮಲ್ಲಿ ಒಬ್ಬ ತೀರಿಕೊಂಡರೆ ಅವನ ಕಾಯಿಲನ್ನು ಹಾಗೇ ಉಳಿಸುವುದಿಲ್ಲ. ಬಹಳ ಹಿಂದೆ ಒಬ್ಬನ ಹೆಂಡತಿ ಗಂಡನ ಕಾಯಿಲನ್ನು ಒಬ್ಬ ಸಂಬಂಧಿಕನಿಗೆ ಕೊಟ್ಟಳು, ಅವನು ಪ್ಲಗ್ಗು ಕಿತ್ತಿದ್ದೇನಲ್ಲ ಎಂದುಕೊಂಡು ಇನ್ನೂ ತುಂಬಿಯೇ ಇದ್ದ ಕೆಪಾಸಿಟರಿಗೆ ಕೈಹಾಕಿ ಎರಡು ಬೆರಳು ಕಳೆದುಕೊಂಡ. ಅಂದಿನಿಂದ ಹೀಗೆ: ಸತ್ತವನ ಹತ್ತಿರದವರು ಒಬ್ಬರು ಎಲ್ಲರೆದುರಿಗೆ ಅವನ ಕಾಯಿಲನ್ನು ಓಡಿಸುತ್ತಾರೆ, ಸಂದನ್ನು ಒಂದೊಂದಾಗಿ ಅಗಲ ಮಾಡುತ್ತ, ಅದು ತನ್ನ ಜೀವಮಾನದ ಅತಿ ಉದ್ದದ ಮಿಂಚನ್ನು ಬಿಟ್ಟು ತಾನೇ ಸುಟ್ಟುಹೋಗುವ ತನಕ. ಆಮೇಲೆ ತಾಮ್ರವನ್ನು ಹಂಚಿಕೊಳ್ಳುತ್ತಾರೆ. ಬದುಕಿರುವವನ ಕಾಯಿಲಿಗೆ ಹೀಗೆ ಮಾಡಿದ್ದು ಒಂದೇ ಸಲ, ಫ್ಲಾರಿಡಾಕ್ಕೆ ಹೊರಟವನು ತಾನೇ ಬೇಡಿಕೊಂಡಿದ್ದ. ಅವನ ಒಪ್ಪಿಗೆ ಇತ್ತು.

ನಿನ್ನ ಒಪ್ಪಿಗೆ ಕೇಳದೆ ನಾನು ಮಾಡಲಿಲ್ಲ, ಹಾಗೆಂದು ಯಾರೂ ಹೇಳಬಾರದು. ಹೋದ ಭಾನುವಾರ ನಿನ್ನ ಹಾಸಿಗೆಯ ಪಕ್ಕ ಕುಳಿತು ಕೇಳಿದೆ. ಡಾಕ್ಟರು ನೀನಿನ್ನು ಮನೆಗೆ ಬರುವುದು ಅನುಮಾನ ಎಂದಿದ್ದಾರೆ, ನೆಲಮಾಳಿಗೆಯಲ್ಲಿ ಅದು ಧೂಳು ಹಿಡಿದಿದೆ, ಶನಿವಾರ ಕೂಟದಲ್ಲಿ ಕೊನೆಯ ಓಟ ಮಾಡಿಸುತ್ತೇನೆ, ಇಷ್ಟವಿಲ್ಲದಿದ್ದರೆ ನನ್ನ ಕೈಯನ್ನು ಒತ್ತು ಎಂದೆ. ಐದು ನಿಮಿಷ ಗಡಿಯಾರ ನೋಡಿಕೊಂಡು ಕಾದೆ. ನೀನು ಒತ್ತಲಿಲ್ಲ. ನಾನು ಹಿಡಿದದ್ದು ನಿನ್ನ ಬಲಗೈ. ಮೇ ತಿಂಗಳಿಂದ ಆ ಕೈಯಲ್ಲಿ ಜೀವವಿಲ್ಲ ಎಂಬುದು ನಿಜ, ಆದರೆ ಕುರ್ಚಿಯನ್ನು ಬಲಗಡೆಗೆ ಹಾಕಿದ್ದರು, ನನಗೆ ಮಂಡಿನೋವು, ಸುತ್ತಿಕೊಂಡು ಎಡಗಡೆಗೆ ಬರಲು ಬೇಸರವಾಯಿತು. ನಿನ್ನ ಕಣ್ಣಿನಲ್ಲಿ ನೀರಿತ್ತು. ಲಕ್ವ ಹೊಡೆದವರ ಕಣ್ಣಿನಲ್ಲಿ ಸುಮ್ಮನೆ ನೀರು ಬರುತ್ತದಂತೆ, ಅದನ್ನೂ ಡಾಕ್ಟರೇ ಹೇಳಿದ್ದು. ಒರೆಸಿ ಬಂದೆ.

ನಿನ್ನೆ ಬೆಳಗ್ಗೆ ಡ್ವೇನ್ ಪಿಕಪ್ ತಂದ. ನೆಲಮಾಳಿಗೆಯಿಂದ ಎತ್ತುವಾಗ ಕಾಯಿಲಿಗೆ ಎಲ್ಲೂ ಗೀರು ಬೀಳದಂತೆ ನಿನ್ನ ಕಂಬಳಿ ಸುತ್ತಿದೆ. ಸುಳ್ಳು ಹೇಳಬಾರದು, ಕಾಯಿಲು ಚೆಂದವಿತ್ತು. ಹೆಂಡತಿ ಹೋದ ವರ್ಷದ ಚಳಿಗಾಲ ನೀನು ಹಳೆಯ ಸುತ್ತನ್ನೆಲ್ಲ ಬಿಚ್ಚಿ ಹೊಸದಾಗಿ ಸುತ್ತಿದೆಯಲ್ಲ, ಸಾವಿರದ ನೂರು ಸುತ್ತು, ಒಂದರ ಮೇಲೊಂದು ಏರದ ಹಾಗೆ, ಗಟ್ಟಿಯಾಗಿ ಎಣಿಸಿಕೊಂಡು. ನಾನು ಸೂಪು ತಂದಿಟ್ಟರೆ ಎಣಿಕೆ ತಪ್ಪುತ್ತದೆಂದು ಕಣ್ಣಲ್ಲೇ ಗದರುತ್ತಿದ್ದೆ. ಆ ಸುತ್ತಿನ ಮೇಲೆ ಒಂದು ಸಲ ಬೆರಳಾಡಿಸಿದೆ. ಇದು ನಿನಗೆ ಮಗುವಿನ ಹಾಗೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ತಂದೆ.

ಕೊಟ್ಟಿಗೆಯಲ್ಲಿ ಕ್ಲೆಟಸ್ ನನ್ನನ್ನು ಪಕ್ಕಕ್ಕೆ ಕರೆದ. ಅವನು ನನ್ನ ಜೊತೆ ಎಂಟನೆಯ ತರಗತಿಯವರೆಗೆ ಓದಿದವನು, ಸುತ್ತಿ ಬಳಸಿ ಮಾತಾಡುವುದಿಲ್ಲ. "ವರ್ಲೀನ್, ಅವನಿನ್ನೂ ಉಸಿರಾಡ್ತಿದ್ದಾನೆ ಕಣೆ. ಒಪ್ಪಿದ್ನಾ?" ಎಂದು ಕೇಳಿದ. "ಬೇಡ ಅನ್ನಲಿಲ್ಲ" ಎಂದೆ. "ಅವನು ಏನೂ ಅನ್ನಲ್ವಲ್ಲ" ಎಂದ. "ಹಾಗಾದ್ರೆ ಒಪ್ಪಿದ್ದಾನೆ ಅಂತಲೇ ಲೆಕ್ಕ" ಎಂದೆ. ಅವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು, "ನೀನು ಅಕ್ಕ, ನಿನಗೆ ಗೊತ್ತಿರುತ್ತೆ ಬಿಡು" ಎಂದು ಬಾಗಿಲು ಹಾಕಿಸಿದ. ಊಟದ ಮೇಜಿನ ಮೇಲೆ ಕರಿದ ಕೋಳಿ, ನೂಡಲ್ಸ್, ಎಲೆಕೋಸಿನ ಉಂಡೆ ಎಲ್ಲ ಆರುತ್ತಿತ್ತು. ಹದಿನೆಂಟು ಜನವೂ ಕಿವಿಗೆ ತುರುಕಲು ಹತ್ತಿ ಹಿಡಿದುಕೊಂಡು ಹಗ್ಗದಾಚೆ ನಿಂತರು. ಈ ಸಲ ಪೈ ಮಾಡಿರಲಿಲ್ಲ. ಒಬ್ಬ ಕೇಳಿದ, ನಾನು ಕಾಯಿಲಿನ ಹತ್ತಿರ ಹೋದೆ.

ಗೇಜು ತೆಗೆದು ಎಂಟೂ ಸಂದುಗಳನ್ನು ಕೂರಿಸಿದೆ. ಡ್ವೇನ್ ಕುರ್ಚಿ ತಂದ, ಅದನ್ನು ಪಕ್ಕಕ್ಕೆ ತಳ್ಳಿ ಮಂಡಿಯೂರಿದೆ. ಒಂದು ಗಂಟೆ ಹಿಡಿಯಿತು. ನೋಡುತ್ತಿದ್ದವರು ಮೊದಲು ತಮಾಷೆ ಮಾಡುತ್ತಿದ್ದರು, ಆಮೇಲೆ ಹಗ್ಗದ ಹತ್ತಿರಕ್ಕೆ ಸರಿದು ನನ್ನ ಬೆರಳನ್ನೇ ನೋಡಿದರು. ಪಟ್ಟಿ ಎಂಟು ಕಡೆಯೂ ಒಂದೇ ಥರ ಹಿಡಿಯಿತು. ಕೊನೆಗೆ ಕಾವಲು ಸಂದನ್ನು ಬಿಚ್ಚಿದೆ. ಮಾರ್ವೆಟ್, ಅದು ಎರಡು ಸಾವಿರದ ಒಂದರಲ್ಲಿ ಸುಟ್ಟ ಮೇಲೆ ಹೊಸ ಟ್ರಾನ್ಸ್‌ಫಾರ್ಮರಿನ ಮೇಲೆ ಕೂರಿಸಿದ ಪುಟ್ಟ ಸಂದು, ಒತ್ತಡ ಮಿತಿ ಮೀರಿದರೆ ತಾನು ಹಾರಿ ಟ್ರಾನ್ಸ್‌ಫಾರ್ಮರನ್ನು ಉಳಿಸುತ್ತದೆ. ಕೊನೆಯ ಓಟದಲ್ಲಿ ಅದು ಇರುವುದಿಲ್ಲ. ಎರಡೂ ಸ್ಕ್ರೂಗಳನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ.

ಆರು ಸಂದಿಗೆ ಐದು ಅಡಿ ಎಂಟು ಅಂಗುಲ ಬಂತು. ಗುಬುಟನ್ನು ನಾನೇ ತಿರುಗಿಸಿದೆ. ಕಂಬಿ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದವನು ಡ್ವೇನ್, ಟೇಪು ಕ್ಲೆಟಸ್‌ನದು. ನಿಲ್ಲಿಸಿ, ಪ್ಲಗ್ಗು ಕಿತ್ತು, ನೆಲಕ್ಕೆ ತಂತಿ ಕಟ್ಟಿದ ಕೋಲನ್ನು ಕೆಪಾಸಿಟರಿಗೆ ಮುಟ್ಟಿಸಿ ಖಾಲಿ ಮಾಡಿ, ಎಡಗೈ ಜೇಬಿನಲ್ಲಿಟ್ಟುಕೊಂಡು ಬಲಗೈಯಿಂದ ಕ್ಲಿಪ್ಪನ್ನು ಏಳನೆಯ ಸಂದಿಗೆ ಸರಿಸಿದೆ. ಸದ್ದೇ ಬೇರೆಯಾಯಿತು, ಹತ್ತಿಯೊಳಗಿಂದಲೂ ಹಲ್ಲು ಜುಮ್ಮೆಂದಿತು. ಆರು ಅಡಿ ಒಂದು ಅಂಗುಲ. ನಿನ್ನ ದಾಖಲೆ ಅಲ್ಲಿಗೇ ಹೋಯಿತು, ತಮ್ಮ, ಕಾಯಿಲು ಇನ್ನೂ ಗಟ್ಟಿಯಾಗಿಯೇ ಇತ್ತು. ಕ್ಲೆಟಸ್ ಕೈಯೆತ್ತಿ ನಿಲ್ಲಿಸಿದ. ಕಿವಿಯ ಹತ್ತಿ ತೆಗೆದು, "ಇಷ್ಟಕ್ಕೇ ಬಿಡೋಣ, ವರ್ಲೀನ್. ದಾಖಲೆ ನಿನ್ನದಾಯ್ತು. ಕಾಯಿಲ್ ಉಳೀಲಿ. ಅವನು ಎದ್ದು ಬಂದ್ರೆ ಏನು ಹೇಳೋಣ?" ಎಂದ. ಹಗ್ಗದಾಚೆ ಇದ್ದವರೂ ಹೌದು ಹೌದು ಎಂದರು. ಆಗ ನಿಲ್ಲಿಸಬಹುದಿತ್ತು. ನನಗೆ ಬೇಕಾಗಿದ್ದು ಸಿಕ್ಕಿಬಿಟ್ಟಿತ್ತು. ಆದರೂ "ಎದ್ದು ಬರೋದಿಲ್ಲ" ಎಂದು ಹೇಳಿ ಕ್ಲಿಪ್ಪನ್ನು ಎಂಟನೆಯದಕ್ಕೆ ಕಚ್ಚಿಸಿದೆ.

ಆರು ಅಡಿ ನಾಲ್ಕು ಅಂಗುಲ, ನಾರ್ಬ್. ಮೂರು ಸಲ, ಒಂದೇ ಜಾಗಕ್ಕೆ. ದಪ್ಪವಾಗಿ, ನೇರಳೆ ಬಣ್ಣದಲ್ಲಿ, ಕೊಂಬೆ ಕವಲಾಗದೆ ನೆಟ್ಟಗೆ ಹೋಗಿ ಬಡಿಯಿತು. ನಿನ್ನ ಕೈಯಲ್ಲಿ ಹದಿನೈದು ವರ್ಷ ಇದ್ದೂ ಅದು ಹಾಗೆ ಒಂದು ಸಲವೂ ಬಡಿದಿರಲಿಲ್ಲ. ಗುಬುಟಿನ ಮೇಲೆ ನನ್ನ ಕೈಯನ್ನು ನಾನೇ ನೋಡಿಕೊಂಡೆ, ಒಂದು ಎಳೆಯಷ್ಟೂ ಅಲುಗಲಿಲ್ಲ. ನಾಲ್ಕನೆಯದಕ್ಕೆ ಸದ್ದು ಒಡೆಯಿತು, ಮಿಂಚು ಕುಗ್ಗಿ ಬಳೆಯ ಸುತ್ತ ನಯವಾದ ತುಪ್ಪಳದಂತೆ ಉಳಿದು, ಅದೂ ಆರಿತು. ಟ್ರಾನ್ಸ್‌ಫಾರ್ಮರುಗಳ ಮೂತಿಯಿಂದ ಟಾರು ಕುದಿದು ಇಳಿಯಿತು. ಮೊದಲು ಒಂದು, ಸ್ವಲ್ಪ ತಡೆದು ಇನ್ನೊಂದು. ಕೆಪಾಸಿಟರುಗಳು ಹುರಿದ ಕಾಳಿನಂತೆ ಸಿಡಿದವು. ಆಮೇಲೆ ಕಾಯಿಲಿನ ಬುಡದಲ್ಲಿ ಕಿಡಿ ಸುತ್ತಿನಿಂದ ಸುತ್ತಿಗೆ ಏರಿ ಸುಮಾರು ಒಂದು ಮೊಳ ಕಪ್ಪಗೆ ಸುಟ್ಟಿತು. ಆ ಸಾವಿರದ ನೂರರಲ್ಲಿ ಎಷ್ಟು ಹೋದವು ಎಂದು ನಾನು ಎಣಿಸಲಿಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೊಗೆ ಹೋಗಲೆಂದು ಬಾಗಿಲು ತೆಗೆದರು. ಡ್ವೇನ್ ಬಂದು ನನ್ನ ಕೈಯನ್ನೇ ನೋಡುತ್ತ, "ಆಂಟಿ, ನಿಮ್ಮ ಕೈ ನಡುಗಲೇ ಇಲ್ವಲ್ಲ" ಎಂದ. "ಯಾವತ್ತು ನಡುಗಿತ್ತು?" ಎಂದೆ. ಅಲ್ಲಿಯೇ ನಿಂತು ಎಲ್ಲವನ್ನೂ ಹೇಳಿದೆ, ಮರಳುಕಾಗದದ ಕಥೆ, ಅದಕ್ಕೂ ಹಿಂದೆ ಬಕೆಟ್ಟಿನ ಕಥೆ. ಹೇಳುವಾಗ ದನಿ ಏರಿಸಲಿಲ್ಲ. ಕ್ಲೆಟಸ್ "ಎಂಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?" ಎಂದು ಕೇಳಿದ. "ಪೈ ತಿಂತಿದ್ರಲ್ಲ, ನಡುವೆ ಯಾಕೆ ಅಂತ" ಎಂದೆ. ಅವನು ಏಣಿ ತಂದು ಹಲಗೆಯ ಮೇಲಿನ ನಿನ್ನ ಹೆಸರಿಗೆ ಗೀಟು ಎಳೆಯಲು ಹೊರಟ. ನಾನು ಬೇಡವೆಂದೆ. ಇರಲಿ, ಕೆಳಗೆ ನನ್ನದನ್ನು ಬರೆ ಎಂದೆ. ನಿನ್ನ ಹೆಸರು ಅಲ್ಲಿಯೇ ಇರಬೇಕು, ಪಕ್ಕದಲ್ಲಿ ಐದು ಅಡಿ ಹನ್ನೊಂದು ಎಂದು ಕಾಣಬೇಕು, ಓದಿದವರು ಕೆಳಗಿನ ಸಾಲನ್ನೂ ಓದಬೇಕು.

ತಾಮ್ರ ಹಂಚಿಕೊಂಡೆವು. ಬುಡದ ಸುರುಳಿ ಕ್ಲೆಟಸ್‌ಗೆ, ಬಳೆ ಡ್ವೇನ್‌ಗೆ, ಫ್ಯಾನು ಇಂಡಿಯಾನಾದವನಿಗೆ. ಒಂಬತ್ತು ಕೊಳವೆ ತುಂಡುಗಳನ್ನು ನಾನು ತಂದೆ, ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೇನೆ. ಹೊರಡುವಾಗ ಡ್ವೇನ್ ತನ್ನ ಕಾಯಿಲಿನ ಸಂದು ಕೂರಿಸಿಕೊಡುತ್ತೀರಾ ಎಂದು ಕೇಳಿದ, ಅವನ ಹಿಂದೆ ಇನ್ನಿಬ್ಬರು. ಮುಂದಿನ ಶನಿವಾರ ಬರುತ್ತಾರೆ. ಮನೆಗೆ ಬಂದು ಬೂಟು ಬಿಚ್ಚಿ ಕುಳಿತಾಗ ಸಂತೋಷವಾಗಬೇಕಿತ್ತು, ಆಯಿತು ಕೂಡ. ಬಚ್ಚಿಡುವುದೇನು, ಹದಿನೈದು ವರ್ಷದಲ್ಲಿ ನಿನ್ನೆಯಷ್ಟು ಹಸಿವಾಗಿ ನಾನು ಉಂಡಿದ್ದಿಲ್ಲ. ಬಟ್ಟೆಯಿಂದ ಟಾರಿನ ವಾಸನೆ ಮಾತ್ರ ಎರಡು ಸಲ ಒಗೆದರೂ ಹೋಗಿಲ್ಲ. ನೀನು ನನ್ನ ಒಬ್ಬನೇ ತಮ್ಮ. ಅಮ್ಮ ಸಾಯುವಾಗ ನಿನ್ನ ಕೈಯನ್ನು ನನ್ನ ಕೈಯಲ್ಲಿಟ್ಟು ನೋಡಿಕೋ ಎಂದಳು. ನೋಡಿಕೊಂಡೇ ಬಂದಿದ್ದೇನೆ. ನಿನ್ನ ಬಟ್ಟೆ ಒಗೆದಿದ್ದೇನೆ, ಬೆಕ್ಕು ಸಾಕಿದ್ದೇನೆ, ನಿನ್ನನ್ನು ನೋಡಲು ತಿಂಗಳಿಗೆ ನಾಲ್ಕು ಸಲ ಡೇಟನ್‌ಗೆ ಗಾಡಿ ಓಡಿಸಿದ್ದೇನೆ. ಅದರಲ್ಲಿ ಯಾವುದೂ ನಾಟಕವಲ್ಲ, ನಿನ್ನೆಯದ್ದೂ ನಾಟಕವಲ್ಲ.

ಮೈ ಬೆಚ್ಚಗಿರಲಿ, ಕೊಟ್ಟ ವ್ಯಾಯಾಮ ಮಾಡು, ಮಾರ್ವೆಟ್‌ಗೆ ತೊಂದರೆ ಕೊಡಬೇಡ. ಕ್ಲೆಟಸ್ ಮತ್ತು ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಇವತ್ತು ಚರ್ಚಿನಲ್ಲಿ ನಿನ್ನ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿದ್ದೇನೆ. ದೇವರು ನಿನ್ನನ್ನು ಕಾಪಾಡಲಿ, ನನ್ನನ್ನು ಅವನು ಏನು ಮಾಡುತ್ತಾನೋ ಮಾಡಲಿ.

ನಿನ್ನ ಅಕ್ಕ,
ವರ್ಲೀನ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಮಾರ್ವೆಟ್, ನಿನಗೆ ಗೊತ್ತಿರುವುದೇ, ಆದರೂ ಗಟ್ಟಿಯಾಗಿಯೇ ಓದು. ಶುಕ್ರವಾರ ಊಟದ ಹೊತ್ತಿಗೆ ನೀನು ಫೋನು ಮಾಡಿದ್ದೆ. ಖುಷಿಯಿಂದ ನಿನಗೆ ಉಸಿರೇ ಸಿಗುತ್ತಿರಲಿಲ್ಲ. "ಮಿಸ್ ವರ್ಲೀನ್, ಇವ್ರು ಮಾತಾಡಿದ್ರು. ಐದು ತಿಂಗಳಾದ್ಮೇಲೆ ಮೊದಲನೇ ಮಾತು. ಬೇಡ, ವರ್ಲೀನ್, ಬೇಡ ಅಂತ ಬೆಳಗ್ಗೆಯಿಂದ ಅದೊಂದೇ ಹೇಳ್ತಿದ್ದಾರೆ. ಎಡಗೈಯಿಂದ ಮಂಚ ಬಡೀತಾರೆ. ಏನು ಬೇಡ ಅಂತ ನಿಮಗೇನಾದ್ರೂ ಗೊತ್ತಾ?" ಎಂದು ಕೇಳಿದೆ. ಪುಡಿಂಗ್ ಇರಬೇಕು, ಚಿಕ್ಕಂದಿನಿಂದ ಅವನಿಗೆ ಅದು ಸೇರುವುದಿಲ್ಲ, ಕೊಡುವುದನ್ನು ನಿಲ್ಲಿಸು ಎಂದು ನಾನು ಹೇಳಿದೆ. ಕ್ಲೆಟಸ್‌ಗಾಗಲಿ ಬೇರೆ ಯಾರಿಗಾಗಲಿ ಆ ಫೋನಿನ ವಿಷಯ ಹೇಳಿಲ್ಲ, ಹೇಳುವುದೂ ಇಲ್ಲ. ನಾರ್ಬ್, ನಿನ್ನ ಮಾತು ನನಗೆ ಮುಟ್ಟಿತ್ತು, ಒಂದು ದಿನ ಮುಂಚೆಯೇ ಮುಟ್ಟಿತ್ತು. ಪುಡಿಂಗನ್ನು ನಾಳೆಯಿಂದ ಮತ್ತೆ ಕೊಡಲಿ.